ನಿಲ್ಲಲು ಒಂದು ನೆಪ

ಊರಿನ ಹಿಟ್ಟಿನ ಗಿರಣಿ ಎರಡು ಬೀದಿ ಕೂಡುವ ಮೂಲೆಯಲ್ಲಿತ್ತು. ತಗಡಿನ ಮಾಡು, ಸುಣ್ಣ ಕಂಡು ಎಷ್ಟೋ ವರ್ಷವಾದ ಹೊರಗೋಡೆ. ಒಳಗೆ ಕಾಲಿಟ್ಟರೆ ಮಾತ್ರ ಎಲ್ಲವೂ ಬೆಳ್ಳಗೆ. ತೊಲೆ, ತಕ್ಕಡಿ, ಮೂಲೆಯ ಜೇಡರ ಬಲೆ, ಗಿರಣಿ ನಡೆಸುವ ಗಂಡ ಹೆಂಡತಿಯ ಹುಬ್ಬು ಕೂಡ. ಮೆಷಿನ್ನಿನ ಗದ್ದಲದಲ್ಲಿ ಗಂಡನ ಕಿವಿ ಮಂದವಾಗಿತ್ತು; ಅದೇ ಗದ್ದಲದಲ್ಲಿ ಹೆಂಡತಿಯ ಗಂಟಲು ದೊಡ್ಡದಾಗಿತ್ತು. ಹೀಗಾಗಿ ಆ ಸಂಸಾರದಲ್ಲಿ ಗುಟ್ಟು ಅನ್ನುವುದು ಉಳಿದಿರಲಿಲ್ಲ. ಒಳಗೆ ಆಕೆ "ಸ್ನಾನಕ್ಕೆ ನೀರು ಕಾದಿದೆ" ಅಂದರೆ ಬೀದಿಯ ಆಚೆ ತುದಿಯಿಂದ ಸೈಕಲ್ ರಿಪೇರಿಯವನು, "ಹೋಗಿ ಯಜಮಾನ್ರೇ, ಆರಿ ಹೋಗ್ತದೆ" ಎಂದು ಕೂಗುತ್ತಿದ್ದ.

ಊರೆಲ್ಲ ಆಕೆಯನ್ನು ಗಿರಣಿಯಮ್ಮ ಎನ್ನುತ್ತಿತ್ತು. ಗಟ್ಟಿ ಆಳು. ಗೋಧಿಯ ಚೀಲವನ್ನು ಸೊಂಟಕ್ಕೆ ಆನಿಸಿ ಮೆಷಿನ್ನಿನ ಬಾಯಿಗೆ ಸುರಿಯುವುದು ಆಕೆಗೆ ಮಗುವಿನ ಬಾಯಿಗೆ ತುತ್ತು ಇಟ್ಟಷ್ಟು ಸಲೀಸು. ಅಂಥವಳಿಗೆ ಕಾಲು ಕೈಕೊಟ್ಟಿತು. ನಡೆಯಲು ಹೊರಟರೆ ಸ್ವಲ್ಪ ದೂರಕ್ಕೆಲ್ಲ ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ನಿಂತರೆ ಬಿಡುತ್ತಿತ್ತು, ಹೊರಟರೆ ಮತ್ತೆ ಹಿಡಿಯುತ್ತಿತ್ತು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರು ಹುಯ್ದದ್ದಾಯಿತು. ಕೊನೆಗೆ ಪಟ್ಟಣದ ಆಸ್ಪತ್ರೆಗೆ ಹೋದಾಗ ಡಾಕ್ಟರು ಎದೆಬಡಿತ ಕೇಳಿದರು, ಪಾದ ಮುಟ್ಟಿ ನೋಡಿದರು, ತೋಳಿಗೂ ಕಣಕಾಲಿಗೂ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆದರು.

"ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ ನಿಮ್ಮ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಅಮ್ಮಾ," ಎಂದರು. "ಮಾತ್ರೆ ಕೊಡ್ತೀನಿ. ಆದರೆ ದೊಡ್ಡ ಔಷಧಿ ನಡಿಗೆ. ನೋವು ಬರೋವರೆಗೂ ನಡೀರಿ, ನಿಲ್ಲಿ, ನೋವು ಬಿಟ್ಟ ಮೇಲೆ ಮತ್ತೆ ನಡೀರಿ. ಹಾಗೆ ಮಾಡ್ತಾ ಹೋದ್ರೆ ಪಕ್ಕದ ಸಣ್ಣ ಸಣ್ಣ ನಾಳಗಳು ಅಗಲವಾಗಿ ರಕ್ತಕ್ಕೆ ದಾರಿ ಬಿಡ್ತವೆ. ಮಳೆಗಾಲ ಮುಗಿಯೋವರೆಗೂ ನೋಡೋಣ. ಆಗಲೂ ಹೀಗೇ ಇದ್ರೆ ಆಪರೇಷನ್ ಮಾಡಬೇಕಾಗ್ತದೆ. ನಿಮ್ಮ ಹೃದಯ ಇರೋ ಸ್ಥಿತಿಗೆ ಅದು ಹಗುರವಾದ ಮಾತಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದದ್ದು ಆ ಬಸ್ಸಿನ ಕಂಡಕ್ಟರನಿಗೂ ಹೊಸದಾಗಿತ್ತು.

ಅದೇ ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲಿ ಗಿರಣಿಯಮ್ಮನ ಅಣ್ಣನ ಮಗಳು ಕೆಲಸ ಮಾಡುತ್ತಿದ್ದಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಹೆಸರಾಗಿ, ಮದುವೆಯಾಗಿ ಒಂದು ಮಗುವಿನ ತಾಯಿಯಾದರೂ ಗುಬ್ಬಿಯಾಗಿಯೇ ಉಳಿದಿದ್ದಳು. ಶಾಲೆ ಓದುವಷ್ಟು ಕಾಲ ಅವಳು ಬೆಳೆದದ್ದು ಈ ಅತ್ತೆಯ ಮನೆಯಲ್ಲಿ, ಗಿರಣಿಯ ಚೀಲಗಳ ಮೇಲೆ ಪುಸ್ತಕ ಹರಡಿಕೊಂಡು. ಈಗ ಕಾಲಿನ ರಕ್ತನಾಳದ ಕಾಯಿಲೆಯವರಿಗೆ ನಡಿಗೆ ರೂಢಿ ಮಾಡಿಸುವ ಒಂದು ಮೊಬೈಲ್ ಆಪ್ ತಯಾರಿಸುವುದು ಅವಳ ಕೆಲಸ. ಕೋಣೆಯಲ್ಲಿ ಇದ್ದವರು ಮೂವರೇ. ಪ್ರೋಗ್ರಾಂ ಬರೆಯುವ ಗಡ್ಡದಣ್ಣ, ರೋಗಿಗಳ ಕಾಲು ನೋಡಿ ನೋಡಿ ತಲೆ ನರೆತ ಹಿರಿಯ ಸಿಸ್ಟರ್, ಮತ್ತು ಗುಬ್ಬಿ. ಪರದೆಯ ಮೇಲೆ ಏನು ಕಾಣಬೇಕು, ಅಕ್ಷರ ಎಷ್ಟು ದಪ್ಪವಿರಬೇಕು, ಫೋನು ಯಾವಾಗ ಏನು ಮಾತಾಡಬೇಕು ಎಂಬುದನ್ನೆಲ್ಲ ಗುಬ್ಬಿ ನೋಡಿಕೊಳ್ಳುತ್ತಿದ್ದಳು.

ಬುಡದಿಂದ ಕಟ್ಟಲು ಸಮಯವಿರಲಿಲ್ಲವಾಗಿ, ಆರೋಗ್ಯವಂತರು ಬೊಜ್ಜು ಕರಗಿಸಲು ಬಳಸುವ ಹಳೆಯ ಆಪೊಂದನ್ನು ಗಡ್ಡದಣ್ಣ ಇವರ ಅಳತೆಗೆ ಕತ್ತರಿಸಿ ಹೊಲಿದಿದ್ದ. ಅದರಲ್ಲಿ ನಡೆಯುವವರನ್ನು ಹೊಗಳುವ, ನಿಂತವರನ್ನು ಎಬ್ಬಿಸುವ ಮಾತುಗಳಿದ್ದವು. ಯಂತ್ರದ ದನಿ ಬೇಡ, ಮನೆಯವರು ಮಾತಾಡಿದ ಹಾಗಿರಲಿ ಎಂದು ಗುಬ್ಬಿ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ತನ್ನ ದನಿಯಲ್ಲೇ ಅವನ್ನು ರೆಕಾರ್ಡ್ ಮಾಡಿದಳು. "ಭೇಷ್! ಹೀಗೇ ನಡೀತಾ ಇರಿ." "ಯಾಕೆ ನಿಂತ್ರಿ? ನಡೀರಿ, ನಡೀರಿ." ಎರಡನೆಯದನ್ನು ಹೇಳುವಾಗ ಅವಳ ಮನಸ್ಸಿನಲ್ಲಿ ಅತ್ತೆಯೇ ಇದ್ದಳು. ಆದಷ್ಟು ಪ್ರೀತಿಯಿಂದಲೇ ಹೇಳಿದ್ದಳು. ನಿಲ್ಲುವುದು ಔಷಧಿಯ ಅರ್ಧ ಎಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಮೂವರೂ ತಲೆಯಾಡಿಸಿದ್ದರು. ಆಮೇಲೆ ಬಣ್ಣ, ಅಕ್ಷರ, ಬ್ಯಾಟರಿ ಎಂಬ ಗಡಿಬಿಡಿಯಲ್ಲಿ ಆ ಮಾತು ಹೇಳಿದವರಿಗೂ ಮರೆತುಹೋಗಿತ್ತು.

ಆಪ್ ಪರೀಕ್ಷೆಗೆ ಒಪ್ಪಿದ ರೋಗಿಗಳಲ್ಲಿ ಗಿರಣಿಯಮ್ಮನೂ ಒಬ್ಬಳು. ಗುಬ್ಬಿಯೇ ಬಂದು ಫೋನಿಗೆ ಹಾಕಿಕೊಟ್ಟು, ಹೇಗೆ ಒತ್ತಬೇಕೆಂದು ತೋರಿಸಿ ಹೋದಳು. ಕೆಲವೇ ವಾರಗಳಲ್ಲಿ ಆ ಹಿಂದಿನ ಕೋಣೆಯಲ್ಲಿ ಗಿರಣಿಯಮ್ಮನದೇ ಮಾತು. ಉಳಿದ ರೋಗಿಗಳು ಒಂದು ದಿನ ನಡೆದರೆ ಎರಡು ದಿನ ಕೂರುತ್ತಿದ್ದರು. ಈಕೆ ಮಾತ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಎಡೆಬಿಡದೆ ನಡೆಯುತ್ತಿದ್ದಾಳೆಂದು ಪರದೆ ಹೇಳುತ್ತಿತ್ತು.

"ನಿಮ್ಮತ್ತೆ ಹೀಗೇ ನಡೆದ್ರೆ ಸಮುದ್ರ ಸೇರಿಬಿಡ್ತಾರೆ," ಎಂದ ಗಡ್ಡದಣ್ಣ.

ಸಿಸ್ಟರಿಗೆ ಮಾತ್ರ ಎಲ್ಲೋ ಸರಿ ಕಾಣಲಿಲ್ಲ. "ಒಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬಾ," ಎಂದರು. ಗುಬ್ಬಿ ಖುಷಿಯಿಂದಲೇ ಹೊರಟಳು. ಅತ್ತೆಯ ನಡಿಗೆಯನ್ನು ವೀಡಿಯೊ ಮಾಡಿ ಉಳಿದವರಿಗೆ ತೋರಿಸುವುದು ಅವಳ ಲೆಕ್ಕಾಚಾರ.

ಅವಳು ಬಸ್ಸಿಳಿದಾಗ ಗಿರಣಿ ಭರದಿಂದ ಓಡುತ್ತಿತ್ತು. ಬಾಗಿಲಲ್ಲಿ ನಿಂತವಳಿಗೆ ಕಂಡದ್ದು ಇಷ್ಟು: ಅತ್ತೆ ಸ್ಟೂಲಿನ ಮೇಲೆ ಕೂತು ಮೊರದಲ್ಲಿ ಗೋಧಿ ಹಸನು ಮಾಡುತ್ತಿದ್ದಾಳೆ. ಮೆಷಿನ್ನಿಗೆ ಹೊಡೆದಿದ್ದ ಹಲಗೆಯ ಮೇಲೆ ಫೋನು ಹಿಟ್ಟು ಮೆತ್ತಿಕೊಂಡು ಗಡಗಡ ನಡುಗುತ್ತಿದೆ. ಆ ಸದ್ದನ್ನೂ ಸೀಳಿಕೊಂಡು ಅವಳದೇ ದನಿ ಕೇಳಿತು.

"ಭೇಷ್! ಹೀಗೇ ನಡೀತಾ ಇರಿ."

"ಅಯ್ಯೋ ಗುಬ್ಬಿ! ಬಾ ಬಾ!" ಅತ್ತೆಯ ಮುಖ ಅರಳಿತು. "ನೋಡು, ನಿನ್ನ ದನಿ ದಿನಾ ನಮ್ಮ ಜೊತೆಗೇ ಇರ್ತದೆ. ನಿಮ್ಮ ಮಾವನಿಗೆ ಕೇಳ್ಸಲ್ಲ, ನಂಗೆ ಕೇಳ್ತದೆ. ದುಡಿಯೋರನ್ನ ಯಾರಾದ್ರೂ ಹೊಗಳ್ತಾರೆ ಅಂದ್ರೆ ಅದು ಈ ಮನೇಲಿ ಇದೊಂದೇ."

"ಅತ್ತೆ, ಫೋನು ಇಲ್ಯಾಕಿದೆ?"

"ಇನ್ನೆಲ್ಲಿಡ್ಲಿ? ಇಲ್ಲಿಟ್ರೆ ಖುಷಿಯಾಗಿರ್ತದೆ."

"ನಡಿಯೋಕೆ ಹೋಗುವಾಗ ತಗೊಂಡು ಹೋಗಲ್ವಾ?"

ಅತ್ತೆ ಮೊರ ಕೆಳಗಿಟ್ಟು ಎದ್ದು ಮೆಷಿನ್ ನಿಲ್ಲಿಸಿದಳು. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ಮಾವ ತಲೆಯೆತ್ತಿದ.

"ಕರೆಂಟ್ ಹೋಯ್ತಾ?"

"ಇಲ್ಲ! ನಾನೇ ನಿಲ್ಸಿದೆ!"

"ಓಹೋ, ನಡಿಗೆ ವಿಷಯ ಬಂತು," ಎಂದ ಮಾವ, ಕೇಳಿಸದೆಯೇ ಅರ್ಥ ಮಾಡಿಕೊಂಡು. "ಗುಬ್ಬಿ, ನಾನು ಹೇಳಿ ಹೇಳಿ ಸೋತೆ ತಾಯಿ. ಫೋನೂ ಹೋಗಲ್ಲ, ಇವಳೂ ಹೋಗಲ್ಲ."

ಅತ್ತೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಮೊದಲ ದಿನ ಹೋದೆ ಕಣೇ. ಇದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಹೋದೆ. ಸೈಕಲ್ ಅಂಗಡಿ ಮುಂದೆ ಹೋಗುವಾಗ ಕಾಲು ಹಿಡೀತು. ಡಾಕ್ಟ್ರು ಹೇಳಿದಾರಲ್ಲ ಅಂತ ನಿಂತೆ. ನಿಂತಿದ್ದೇ ತಡ, ಸೊಂಟದಿಂದ ಇದು ಕೂಗ್ತು, 'ಯಾಕೆ ನಿಂತ್ರಿ?' ಅಂತ. ಅಂಗಡೀಲಿದ್ದ ಅಷ್ಟೂ ಜನ ತಿರುಗಿ ನೋಡಿದ್ರು. 'ಹೌದಲ್ಲ ಗಿರಣಿಯಮ್ಮ, ಯಾಕೆ ನಿಂತ್ರಿ?' ಅಂತ ಅವರೂ ಶುರು ಮಾಡಿದ್ರು. ಒಬ್ಬ ಗಾಡೀಲಿ ಬಿಡ್ತೀನಿ ಅಂದ. ಇನ್ನೊಬ್ಬ ನೀರು ತಂದ. ಇದು ಮತ್ತೆ, 'ನಡೀರಿ, ನಡೀರಿ' ಅಂತು. ಎಮ್ಮೆ ಹೊಡೆದ ಹಾಗೆ."

ಗುಬ್ಬಿ ಒಂದು ಹಿಟ್ಟಿನ ಚೀಲದ ಮೇಲೆ ಕೂತಳು.

"ಗಿರಣಿ ನಿಂತ್ರೆ ಕರೆಂಟ್ ಹೋಯ್ತು ಅಂತಾರೆ," ಅತ್ತೆಯ ದನಿ ಅವಳ ಆಯುಷ್ಯದಲ್ಲೇ ಮೊದಲ ಬಾರಿಗೆ ಇಳಿದಿತ್ತು. "ಗಿರಣಿಯಮ್ಮ ನಿಂತ್ರೆ ಇವಳ ಕಥೆ ಮುಗೀತು ಅಂತಾರೆ. ಆ ಮಾತು ಬಂದ ಮೇಲೆ ಯಾರು ಇಲ್ಲಿಗೆ ಕಾಳು ತರ್ತಾರೆ? ವಾಪಸ್ ಬಂದು ಫೋನನ್ನ ಈ ಹಲಗೆ ಮೇಲೆ ಕುಕ್ಕಿದೆ. ಕುಕ್ಕಿದ್ದೇ ಅದಕ್ಕೆ ಹಿಡಿಸ್ತು ನೋಡು, 'ಭೇಷ್' ಅಂತು. ನಿಂತು ದುಡಿಯೋದನ್ನೂ ಲೆಕ್ಕಕ್ಕೆ ಹಿಡೀತದೆ ಅಂದ್ಕೊಂಡೆ. ಮೋಸ ಮಾಡ್ಬೇಕು ಅಂತ ಅಲ್ಲ."

"ಮೋಸ ನಿಮ್ಮದಲ್ಲ ಅತ್ತೆ. ಮೆಷಿನ್ನಿನ ನಡುಕವನ್ನೇ ಇದು ಹೆಜ್ಜೆ ಅಂದ್ಕೊಳ್ತಿದೆ. 'ಯಾಕೆ ನಿಂತ್ರಿ' ಅನ್ನೋ ಮಾತು ಹಾಕಿದ್ದು ನಾವು." ಗುಬ್ಬಿಯ ಕಣ್ಣು ತುಂಬಿತು. "ಮಳೆಗಾಲ ಅರ್ಧ ಕಳೆದುಹೋಯ್ತು. ಆಪರೇಷನ್ ಅಂದ್ರೆ ನಿಮ್ಮ ಎದೆ ತಡೀಬೇಕಲ್ಲ."

"ಅಳಬೇಡ, ಹಿಟ್ಟಿನ ಮೇಲೆ ಕೂತಿದೀಯ. ಹಸಿಯಾದ್ರೆ ಗಂಟು ಕಟ್ತದೆ," ಎಂದಳು ಅತ್ತೆ. ಹಾಗೆಂದು ಅವಳ ತಲೆ ಸವರಿದಳು. ಕೂದಲ ಮೇಲೆ ಬಿಳಿಯ ಐದು ಬೆರಳು ಮೂಡಿದವು.

ಗುಬ್ಬಿ ರಜೆ ಹಾಕಿ ಉಳಿದಳು. ಮಾರನೆಯ ದಿನ ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು ಇಬ್ಬರೂ ಹೊರಟರು. ಮಳೆ ನಿಂತು ಹೊಳವಾಗಿತ್ತು. ಅತ್ತೆ ಮೊದಮೊದಲು ಸರಸರ ನಡೆದಳು, ಆಮೇಲೆ ಹೆಜ್ಜೆ ಭಾರವಾಯಿತು, ಆಮೇಲೆ ತುಟಿ ಕಚ್ಚಿದಳು. ನೋವು ಬಂದಿದೆ ಎಂದು ಗುಬ್ಬಿಗೆ ಗೊತ್ತಾಯಿತು. ಆದರೆ ಅತ್ತೆ ನಿಲ್ಲಲೊಲ್ಲಳು. ಸೈಕಲ್ ಅಂಗಡಿ ಎದುರೇ ಇತ್ತು. ಇನ್ನು ಸಾಧ್ಯವೇ ಇಲ್ಲವೆನ್ನುವಾಗ ಆಕೆ ತಟ್ಟನೆ ಬಗ್ಗಿ ನೆಲದಲ್ಲಿ ಏನನ್ನೋ ಹುಡುಕತೊಡಗಿದಳು.

"ಏನು ಬಿತ್ತು ಗಿರಣಿಯಮ್ಮ?" ಸೈಕಲ್ಲಿನವನು ಸ್ಪಾನರು ಹಿಡಿದುಕೊಂಡೇ ಎದ್ದು ಬಂದ.

"ಓಲೆ ತಿರುಪು ಕಣಪ್ಪ."

"ಅಯ್ಯೋ, ಯಾರೂ ಕಾಲಿಡಬೇಡಿ, ಹಾಗೇ ನಿಲ್ಲಿ!" ಎಂದು ಅವನು ಬೀದಿಗೆಲ್ಲ ಆಜ್ಞೆ ಮಾಡಿದ. ಪಂಕ್ಚರ್ ಹಾಕಿಸಲು ಬಂದವರು, ಹಾಲಿನ ಕ್ಯಾನಿನವನು, ಕೆಲವು ಮನೆ ಈಚೆಯ ಹೊಲಿಗೆಯಕ್ಕ, ಎಲ್ಲರೂ ಬಗ್ಗಿ ಕೆಸರು ಕೆದಕಿದರು. ಅತ್ತೆ ಮಾತ್ರ ನೆಟ್ಟಗೆ ನಿಂತು, ಕಾಲಿಗೆ ಆರಾಮವಾಗಿ ಬಿಡುವು ಕೊಟ್ಟು, "ಆ ಕಡೆ ನೋಡಿ, ಈ ಕಡೆ ನೋಡಿ" ಎಂದು ಮೇಸ್ತ್ರಿಯ ಹಾಗೆ ನಡೆಸಿದಳು. ನೋವು ಬಿಟ್ಟ ಮೇಲೆ ಕಿವಿ ಮುಟ್ಟಿಕೊಂಡು, "ಅರೆ, ಇಲ್ಲೇ ಇದೆ!" ಎಂದು ಹೊರಟೇಬಿಟ್ಟಳು.

ತಿರುವು ದಾಟಿದ ಮೇಲೆ ಗುಬ್ಬಿ ಹೊಟ್ಟೆ ಹಿಡಿದು ನಕ್ಕಳು. "ಅತ್ತೆ, ನೆಪ ಒಂದಿದ್ರೆ ನೀವು ಎಷ್ಟು ಹೊತ್ತು ಬೇಕಾದ್ರೂ ನಿಲ್ತೀರಲ್ಲ!"

"ನೆಪ ಇದ್ರೆ ಯಾರು ನಿಲ್ಲಲ್ಲ? ದಿನಾ ತಿರುಪು ಬೀಳ್ಸೋಕಾಗ್ತದಾ? ಇರೋದು ಎರಡೇ ಕಿವಿ."

ಮನೆಗೆ ಬಂದು ಇದನ್ನು ಮಾವನಿಗೆ ಕೂಗಿ ಹೇಳಿದ್ದಾಯಿತು. ಬೀದಿಗೆ ಕೇಳಿಸಬಾರದೆಂದು ಹಿತ್ತಲಿಗೆ ಕರೆದುಕೊಂಡು ಹೋಗಿ ಕೂಗಬೇಕಾಯಿತು. ಆತ ಗಡ್ಡ ಕೆರೆದುಕೊಂಡು ಯೋಚಿಸಿದ. ಅವರ ಗಿರಣಿಯ ಪದ್ಧತಿಯೆಂದರೆ ಜನ ಕಾಳು ಇಟ್ಟು ಹೋಗುವುದು, ಬಿಡುವಾದಾಗ ಬಂದು ಹಿಟ್ಟು ಒಯ್ಯುವುದು. ಕೆಲವರ ಹಿಟ್ಟು ದಿನಗಟ್ಟಲೆ ಅಲ್ಲೇ ಕೂತಿರುತ್ತಿತ್ತು.

"ಹಿಟ್ಟನ್ನ ನೀನೇ ಮನೆಮನೆಗೆ ಕೊಟ್ಟು ಬಾರೇ," ಎಂದ ಮಾವ. "ಹಗುರವಾದ ಪೊಟ್ಟಣ ಮಾತ್ರ. ಬಾಗಿಲಿಗೆ ಹೋದ ಮೇಲೆ ನಿಲ್ಲಲೇಬೇಕಲ್ಲ? ಓಡೋ ಕುದುರೆ ಮೇಲಿಂದ ಯಾರಾದ್ರೂ ಹಿಟ್ಟು ಎಸೀತಾರಾ?"

ಅತ್ತೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಬಚ್ಚಿಟ್ಟಿದ್ರಿ?"

ಆ ಮಾತು ಮಾತ್ರ ಆತನಿಗೆ ಚೆನ್ನಾಗಿ ಕೇಳಿಸಿತು.

ಗುಬ್ಬಿ ಫೋನಿನಲ್ಲಿ ಸಿಸ್ಟರನ್ನು ಕೇಳಿದಳು. ಹಗುರ ಪೊಟ್ಟಣವಾದರೆ ಅಡ್ಡಿಯಿಲ್ಲ, ನೋವು ಬಂದಾಗ ನಿಲ್ಲುವುದನ್ನು ಮಾತ್ರ ತಪ್ಪಿಸಬಾರದು ಎಂದರು ಅವರು. ಮನೆಯ ಮೂವರೂ ಕೂತು, ಅತ್ತೆಯ ಕಾಲು ಎಲ್ಲೆಲ್ಲಿ ಹಿಡಿಯುತ್ತದೆ, ಅಲ್ಲಿಗೆ ಹತ್ತಿರ ಯಾರ ಬಾಗಿಲಿದೆ ಎಂದು ನೋಡಿ ದಾರಿ ಗೊತ್ತು ಮಾಡಿದರು. ಮೊದಲು ಹೊಲಿಗೆಯಕ್ಕನ ಮನೆ. ಆಮೇಲೆ ಹಸುಗೂಸು ಇರುವ ಮನೆ. ಅಲ್ಲಿ ಕೂಸನ್ನು ಮಾತಾಡಿಸುವಷ್ಟರಲ್ಲಿ ಎಂಥ ನೋವೂ ಇಳಿಯುತ್ತಿತ್ತು. ಆಮೇಲೆ ನಿವೃತ್ತ ಮೇಷ್ಟರ ಮನೆ. ಮೇಷ್ಟರು ಮಾತು ಶುರುವಿಟ್ಟರೆ ನೋವು ಹೋಗಿ ಬೇರೆ ನೋವು ಬರುವ ಸಂಭವವಿದ್ದುದರಿಂದ ಅವರ ಮನೆಯನ್ನು ಕೊನೆಗಿಟ್ಟರು. ಗಿರಣಿಯವರು ಹೊಸ ಅನುಕೂಲ ಮಾಡಿದ್ದಾರೆಂದು ಊರಿಗೆ ಖುಷಿಯಾಯಿತು.

ಗುಬ್ಬಿ ಪಟ್ಟಣಕ್ಕೆ ಹಿಂತಿರುಗಿ ಹಿಂದಿನ ಕೋಣೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಎಮ್ಮೆ ಹೊಡೆದ ಹಾಗೆ ಎಂಬ ಮಾತಿಗೆ ಸಿಸ್ಟರ್ ನಗಲಿಲ್ಲ. "ನಾನೂ ಇದನ್ನ ಕೇಳಿ ಸರಿಯಾಗಿದೆ ಅಂತ ಒಪ್ಪಿದವಳೇ," ಎಂದರು. ಗಡ್ಡದಣ್ಣ ಗಡ್ಡ ಎಳೆದುಕೊಂಡು, "ನಾವು ನಿಲ್ಲೋದನ್ನ ತಪ್ಪು ಅಂತ ಬರೆದುಬಿಟ್ಟಿದೀವಿ," ಎಂದ. ಉಳಿದ ರೋಗಿಗಳು ಒಂದು ದಿನ ನಡೆದು ಎರಡು ದಿನ ಯಾಕೆ ಕೂರುತ್ತಿದ್ದರು ಎಂಬುದೂ ಈಗ ಅರ್ಥವಾಯಿತು.

ಆ ವಾರ ಮೂವರೂ ಬೇರೆ ಕೆಲಸ ಮುಟ್ಟಲಿಲ್ಲ. ನಿಂತಾಗ ಬರುತ್ತಿದ್ದ ಮಾತನ್ನು ಕಿತ್ತು ಹಾಕಿದರು. ನಿಂತವರ ಹತ್ತಿರ ಫೋನು ಇನ್ನು ಬಾಯಿ ಬಿಡುವಂತಿಲ್ಲ. ಹೊರಡುವ ಮೊದಲು ಮಾತ್ರ ಒಂದು ಪ್ರಶ್ನೆ: "ಇವತ್ತು ಎಲ್ಲೆಲ್ಲಿ ನಿಲ್ತೀರಿ?" ಅದಕ್ಕೆ ರೋಗಿಯೇ ತನಗೆ ಬೇಕಾದ ಜಾಗಗಳನ್ನು ಹೇಳಿಡಬೇಕು. ಗೆಳೆಯನ ಅಂಗಡಿ, ಮರದ ಕಟ್ಟೆ, ತಂಗಿಯ ಮನೆ, ಯಾವುದೂ ಆಗಬಹುದು. ನಡಿಗೆ ಮುಗಿದ ಮೇಲೆ ನಿಂತ ಜಾಗಗಳೂ ನಡೆದ ದಾರಿಯೂ ಒಂದೇ ಬಣ್ಣದಲ್ಲಿ ಪರದೆಯ ಮೇಲೆ ಕಾಣಬೇಕು. ಯಾರಾದರೂ ಎಡೆಬಿಡದೆ ನಡೆದಂತೆ ಕಂಡರೆ ಹೊಗಳುವುದಿಲ್ಲ, ಸಿಸ್ಟರ್ ಫೋನು ಮಾಡಿ ವಿಚಾರಿಸುತ್ತಾರೆ. ಗುಬ್ಬಿ ಮತ್ತೆ ಕಿಟಕಿ ಮುಚ್ಚಿ ಕೂತಳು. ಈ ಸಲ ಪ್ರತಿಯೊಂದು ಮಾತನ್ನೂ ರೆಕಾರ್ಡ್ ಮಾಡಿ, ಅತ್ತೆಗೆ ಕೇಳಿಸಿ, ಬೈಸಿಕೊಂಡು, ತಿದ್ದಿ, ಆಮೇಲೆ ಹಾಕಿದಳು.

ಗಿರಣಿಯಮ್ಮ ನಡೆದಳು. ಮಳೆಯ ದಿನ ಗೋಣಿ ಹೊದ್ದು ನಡೆದಳು, ಬಿಸಿಲಿನ ದಿನ ಸೆರಗು ಹೊದ್ದು ನಡೆದಳು. ಕೆಲವು ದಿನ ಹಸುಗೂಸಿನ ಮನೆಯವರೆಗೂ ತಲುಪಲಾಗದೆ ಹೊಲಿಗೆಯಕ್ಕನ ಜಗಲಿಯಿಂದಲೇ ಹಿಂತಿರುಗಿದಳು. ಆದರೂ ಬರಬರುತ್ತ, ಮೊದಲು ಹೊಲಿಗೆಯಕ್ಕನ ಬಾಗಿಲಲ್ಲಿ ಹಿಡಿಯುತ್ತಿದ್ದ ಕಾಲು ಅವರ ಮನೆ ದಾಟಿದ ಮೇಲೆ ಹಿಡಿಯತೊಡಗಿತು. ಇದರಿಂದ ಹೊಸ ತೊಂದರೆಯೊಂದು ಬಂತು. ಎರಡು ಬಾಗಿಲುಗಳ ನಡುವೆ, ಯಾವ ನೆಪವೂ ಇಲ್ಲದ ಬಟ್ಟಬಯಲಲ್ಲಿ, ಮತ್ತೆ ಆ ಸೈಕಲ್ ಅಂಗಡಿಯ ಎದುರಿಗೇ ಒಂದು ದಿನ ವಾಪಸು ಬರುವಾಗ ಕಾಲು ಹಿಡಿದುಬಿಟ್ಟಿತು. ಕೈಯಲ್ಲಿ ಪೊಟ್ಟಣವೂ ಇರಲಿಲ್ಲ, ಎಲ್ಲ ಕೊಟ್ಟು ಮುಗಿದಿತ್ತು.

"ಯಾಕೆ ಗಿರಣಿಯಮ್ಮ, ಮತ್ತೆ ತಿರುಪಾ?" ಎಂದ ಸೈಕಲ್ಲಿನವನು.

ಆಕೆ ಈ ಸಲ ನೆಲಕ್ಕೆ ಬಗ್ಗಲಿಲ್ಲ. ಗಿರಣಿಯ ದನಿಯಲ್ಲೇ ಹೇಳಿದಳು: "ತಿರುಪೂ ಇಲ್ಲ, ಮಣ್ಣೂ ಇಲ್ಲ. ನನ್ನ ಕಾಲಿನ ನಾಳ ಕಟ್ಟಿದೆ. ನಡೆದ್ರೆ ನೋವು ಬರ್ತದೆ, ನಿಂತ್ರೆ ಹೋಗ್ತದೆ. ಹೀಗೆ ನಿಂತು ನಿಂತು ನಡೆದ್ರೇ ವಾಸಿಯಾಗೋದು. ಅದಕ್ಕೆ ನಿಂತಿದೀನಿ. ಇನ್ನೇನಾದ್ರೂ ಕೇಳೋದಿದ್ಯಾ?"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಸೈಕಲ್ಲಿನವನು ಒಳಗೆ ಹೋಗಿ, ತಾನು ಕೂತು ಕೆಲಸ ಮಾಡುವ ಮಣೆಯ ಗ್ರೀಸು ಒರೆಸಿ ತಂದು ಬೀದಿಬದಿಯಲ್ಲಿಟ್ಟ. "ಇದು ಇನ್ನು ಇಲ್ಲೇ ಇರ್ತದೆ. ಕೂರಿ," ಎಂದ. ಮಾರನೆಯ ದಿನವೂ ಗಿರಣಿಗೆ ಕಾಳು ಬಂತು. ಹಿಂದಿನಷ್ಟೇ ಬಂತು.

ಮಳೆಗಾಲ ಮುಗಿಯಿತು. ಗುಬ್ಬಿಯೇ ಬಂದು ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಉದ್ದದ ಓಣಿಯಲ್ಲಿ ಆಕೆಯನ್ನು ನಡೆಸಿದರು, ಕಣಕಾಲಿಗೆ ಪಟ್ಟಿ ಸುತ್ತಿ ಅಳೆದರು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಆಕೆ ದೇವರನ್ನು ನೆನೆಯುವುದನ್ನೂ ಮರೆತು ಅವರ ಮುಖವನ್ನೇ ನೋಡುತ್ತಿದ್ದಳು.

"ಪಾದ ಬೆಚ್ಚಗಿದೆ," ಎಂದರು ಡಾಕ್ಟರು. "ಈಗ ಆಪರೇಷನ್ ಬೇಕಾಗಿಲ್ಲ. ನಡಿಗೆ ಮಾತ್ರ ಬಿಡಬೇಡಿ."

ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಎಡಗಾಲನ್ನು ಬಲಗಾಲ ಮೇಲೆ ಹಾಕಿಕೊಂಡು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದರ ಮೇಲೆ ಎಷ್ಟು ಚೀಲ ಹೊತ್ತೆ, ಒಂದು ದಿನವಾದ್ರೂ ಮುಟ್ಟಿ ನೋಡಿರಲಿಲ್ಲ ಕಣೇ," ಎಂದಳು.

"ಬನ್ನಿ ಅತ್ತೆ, ಬಸ್ಸಿಗೆ ಹೊತ್ತಾಯ್ತು," ಎಂದಳು ಗುಬ್ಬಿ.

ಪಕ್ಕದಲ್ಲಿ ಊರುಗೋಲು ಹಿಡಿದು ಕೂತಿದ್ದ ಮುದುಕರೊಬ್ಬರು ತಟ್ಟನೆ ಇವಳ ಕಡೆ ತಿರುಗಿದರು. "ತಾಯಿ, ಇನ್ನೊಂದ್ಸಲ ಮಾತಾಡು."

"ಏನಂತ ಮಾತಾಡ್ಲಿ ತಾತ?"

"ಅದೇ! ಅದೇ ದನಿ! ನನ್ನ ಫೋನೊಳಗಿನ ಹುಡುಗಿ ನೀನೇ!" ಮುದುಕರು ಎದ್ದು ನಿಂತರು. ಅವರು ಪಟ್ಟಣದ ಕ್ಷೌರಿಕರು. ಕಾಲು ಹಿಡಿದ ಮೇಲೆ ಅಂಗಡಿ ಬಿಟ್ಟಿದ್ದರು. "ದಿನಾ ಬೆಳಿಗ್ಗೆ ನೀನು ಕೇಳ್ತೀಯ, ಎಲ್ಲೆಲ್ಲಿ ನಿಲ್ತೀರಿ ಅಂತ. ನಾನು ಹಳೇ ಗಿರಾಕಿಗಳ ಮನೆ ಹೇಳ್ತೀನಿ. ಅಂಗಡಿ ಮುಚ್ಚಿದ ಮೇಲೆ ಅವರ ಮುಖ ನೋಡಿರಲಿಲ್ಲ. ಈಗ ದಿನಾ ಹೋಗ್ತೀನಿ. ಮೀಸೆ ಕತ್ತರಿಸಿಕೊಡು ಅಂತಾರೆ, ಕತ್ತರಿಸ್ತೀನಿ. ಅಷ್ಟರಲ್ಲಿ ಕಾಲು ಬಿಡ್ತದೆ. ನಿನಗೆ ಹೇಗೆ ಗೊತ್ತಾಯ್ತು ತಾಯಿ, ನಿಲ್ಲೋದಕ್ಕೆ ಒಂದು ಮನೆ ಬೇಕು ಅಂತ?"

ಗುಬ್ಬಿ ಅತ್ತೆಯ ಕಡೆ ಕೈ ತೋರಿಸಿದಳು. "ನಂಗೆ ಗೊತ್ತಿರ್ಲಿಲ್ಲ ತಾತ. ಇವರು ಹೇಳ್ಕೊಟ್ರು."

"ನಾನೇನು ಹೇಳ್ಕೊಟ್ಟೆ? ಬೈದೆ ಅಷ್ಟೆ," ಎಂದಳು ಅತ್ತೆ. "ಇವಳು ಬಿಡದೆ ಕೂತು ಕೇಳಿಸ್ಕೊಂಡ್ಲು. ಅದೇ ದೊಡ್ಡದು." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮ್ಮದು ಯಾವ ಕಾಲು?"

"ಎರಡೂ."

"ನಂದು ಎಡದ್ದು ಮಾತ್ರ. ಬಸ್‌ಸ್ಟ್ಯಾಂಡಿನ ಕಡೆ ಬರ್ತೀರಾ?"

"ಬರ್ತೀನಿ. ನಿಧಾನ ಆಗ್ತದೆ ಮತ್ತೆ."

"ನಿಧಾನಕ್ಕೇ ಹೋಗೋಣ."

ಮೂವರೂ ಆಸ್ಪತ್ರೆಯ ಗೇಟು ದಾಟಿದರು. ಪೇಟೆಯ ಬೀದಿ, ಜನವೋ ಜನ. ಪಾತ್ರೆ ಅಂಗಡಿಯ ಮುಂದೆ ಬರುವಾಗ ಮುದುಕರ ಹೆಜ್ಜೆ ತಡವರಿಸಿತು, ಅವರು ನಿಂತರು. ಅತ್ತೆಯ ಕಾಲು ಇನ್ನೂ ಹಿಡಿದಿರಲಿಲ್ಲ, ಆದರೂ ಆಕೆ ನಿಂತಳು. ಗುಬ್ಬಿಯೂ ನಿಂತಳು. ಹಿಂದಿನಿಂದ ಬಂದವರು ಗೊಣಗಿಕೊಂಡು ಸುತ್ತು ಹಾಕಿ ಹೋದರು. ತಳ್ಳುಗಾಡಿಯವನೊಬ್ಬ, "ಅಮ್ಮಾ, ದಾರಿ ಬಿಡಿ, ನಡುಬೀದೀಲಿ ಯಾಕೆ ನಿಂತಿದೀರಿ?" ಎಂದ.

"ಇವರ ಕಾಲು ಬಿಡೋವರೆಗೂ ನಿಂತಿರ್ತೀವಪ್ಪ," ಎಂದಳು ಗಿರಣಿಯಮ್ಮ. "ನೀನು ಆ ಕಡೆಯಿಂದ ಹೋಗು."

ಅವನು ಗಾಡಿಯನ್ನು ಬದಿಗೆ ತಿರುಗಿಸಿದ.